ನೇಗಿಲ ಗುರುತು ಹಾಕಿದ ಕಾಗದ

1882ರ ಅಕ್ಟೋಬರ್ 19. ಈ ದೇಶದಲ್ಲಿ ಶಾಲೆಗಳು ಹೇಗೆ ನಡೀತಿವೆ ಅಂತ ವಿಚಾರಿಸೋಕೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗಕ್ಕೆ ಪುಣೆಯ ಜೂನಾ ಗಂಜ್ ಪೇಟೆಯಿಂದ ಒಂದು ಹೇಳಿಕೆ ಹೋಯಿತು. ಬರೆದವರು ಜೋತಿರಾವ್ ಗೋವಿಂದರಾವ್ ಫುಲೆ. ಹೆಸರಿನ ಜೊತೆ ತಮ್ಮ ಪರಿಚಯ ಅಂತ ಅವರು ಕೊಟ್ಟಿದ್ದು ಮೂರೇ ಮಾತು: ವ್ಯಾಪಾರಿ, ಸಾಗುವಳಿದಾರ, ಪುರಸಭೆಯ ಸದಸ್ಯ. ಮೇಷ್ಟ್ರು ಅನ್ನೋದು ಅದರಲ್ಲಿ ಇಲ್ಲ. ಒಳಗಿರೋದೆಲ್ಲ ಮಾತ್ರ ಮೇಷ್ಟ್ರ ಮಾತೇ. ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು, ಹೆಂಡತಿಯ ಜೊತೆ ಸೇರಿ ವರ್ಷಗಟ್ಟಲೆ ಪಾಠ ಹೇಳಿದ್ದು, ಹಳ್ಳಿಗಳಲ್ಲಿ ಕಣ್ಣಾರೆ ಕಂಡದ್ದು.

ಆ ಹೇಳಿಕೆಯನ್ನ ಈಗ ಓದುವವರು ಸಾಮಾನ್ಯವಾಗಿ ಕಡ್ಡಾಯ ಶಿಕ್ಷಣದ ಬೇಡಿಕೆಯ ಹತ್ತಿರ ನಿಲ್ಲುತ್ತಾರೆ. ಹನ್ನೆರಡು ವರ್ಷದವರೆಗೆ ಓದು ಕಡ್ಡಾಯ ಆಗಬೇಕು ಅಂತ ಅವರು ಆಗಲೇ ಕೇಳಿದ್ದರು. ಅದು ದೊಡ್ಡ ಮಾತು, ನಿಜ. ನನ್ನ ಕಣ್ಣು ನಿಂತದ್ದು ಅದಕ್ಕಿಂತ ಚಿಕ್ಕ ಜಾಗದಲ್ಲಿ. ಹಳ್ಳಿ ಶಾಲೆಯಲ್ಲಿ ಏನೇನು ಕಲಿಸಬೇಕು ಅಂತ ಫುಲೆ ಒಂದು ಪಟ್ಟಿ ಕೊಡ್ತಾರೆ. ಓದು, ಮೋಡಿ ಮತ್ತು ಬಾಳಬೋಧ ಎರಡೂ ಲಿಪಿಯ ಬರಹ, ಲೆಕ್ಕಪತ್ರ, ಸ್ವಲ್ಪ ಇತಿಹಾಸ, ಭೂಗೋಳ, ವ್ಯಾಕರಣ, ಒಕ್ಕಲುತನದ ಮೊದಲ ಪಾಠ, ನೀತಿ, ಆರೋಗ್ಯ. ಓದು ಬರಹ ಆದ ಕೂಡಲೆ, ಇತಿಹಾಸ ಭೂಗೋಳಕ್ಕಿಂತ ಮೊದಲೇ, ಲೆಕ್ಕಪತ್ರ ಬಂದು ಕೂತಿದೆ.

ಈಗ ನಾವು ಇದನ್ನ ಆರ್ಥಿಕ ಸಾಕ್ಷರತೆ ಅಂತ ಕರೀತೀವಿ. ಹೆಸರು ಕೇಳಿದರೆ ನಿನ್ನೆ ಮೊನ್ನೆ ಯಾವುದೋ ತರಬೇತಿ ಶಿಬಿರದಲ್ಲಿ ಹುಟ್ಟಿದ ಹಾಗಿದೆ. ಆದರೆ 140 ವರ್ಷದ ಹಿಂದೆ, ಅಕ್ಷರ ಕಲಿಯೋಕೇ ಬಿಡದ ಮನೆಗಳ ಮಕ್ಕಳಿಗೆ ಲೆಕ್ಕಪತ್ರ ಬೇಕೇ ಬೇಕು ಅಂತ ಒಬ್ಬ ಮೇಷ್ಟ್ರಿಗೆ ಯಾಕೆ ಅನಿಸಿತು? ಉತ್ತರ ಪಠ್ಯಪುಸ್ತಕದಲ್ಲಿಲ್ಲ, ಏಳು ವರ್ಷ ಮೊದಲು ಪುಣೆ ಜಿಲ್ಲೆಯಲ್ಲೇ ಸುಟ್ಟು ಬೂದಿಯಾದ ಕಾಗದಗಳಲ್ಲಿದೆ.

1875ರ ಮೇ 12. ಪುಣೆ ಜಿಲ್ಲೆಯ ಸುಪಾ, ಸಂತೆ ನೆರೆಯೋ ದೊಡ್ಡ ಊರು. ಅಂಗಡಿಯವರು, ಸಾಲ ಕೊಡೋ ಸಾವುಕಾರರು ಬೇಕಾದಷ್ಟು ಜನ ಅಲ್ಲಿದ್ದರು. ಆವತ್ತು ಸುತ್ತಲ ಹಳ್ಳಿಗಳ ರೈತರು ಬಂದು ಸೇರಿದರು. ಅವರು ಕೇಳಿದ್ದು ಖಾತೆ ಪುಸ್ತಕಗಳನ್ನ ಮತ್ತು ಸಾಲಪತ್ರಗಳನ್ನ. ಸಿಕ್ಕಿದ್ದನ್ನ ರಾಶಿ ಹಾಕಿ ಬೆಂಕಿ ಇಟ್ಟರು. ಕಾಳಿನ ಅಂಗಡಿ ಲೂಟಿ ಆಯಿತು, ಕೆಲವು ಮನೆಗೂ ಬೆಂಕಿ ಬಿತ್ತು. ಅಲ್ಲಿಂದ ಅದು ಅಹ್ಮದ್‌ನಗರ ಜಿಲ್ಲೆಗೂ ಹಬ್ಬಿ, ಎರಡು ತಿಂಗಳಲ್ಲಿ 30ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಅದೇ ಕಥೆ ನಡೀತು. ದಖ್ಖಣದ ದಂಗೆ ಅಂತ ಇತಿಹಾಸದಲ್ಲಿ ಓದ್ತೀವಲ್ಲ, ಅದು ಇದೇ. ಇದರಲ್ಲೊಂದು ವಿಚಿತ್ರ ಇದೆ. ಎಷ್ಟೋ ಕಡೆ ಸಾವುಕಾರ ತಾನಾಗೇ ಸಾಲಪತ್ರ ತಂದು ಕೊಟ್ಟರೆ ಅವನ ಮೈ ಮುಟ್ಟದೆ ಜನ ವಾಪಸು ಹೋದರು. ಅವರ ಸಿಟ್ಟೆಲ್ಲ ಮನುಷ್ಯನಿಗಿಂತ ಜಾಸ್ತಿ ಕಾಗದದ ಮೇಲಿತ್ತು.

ಕಾಗದದ ಮೇಲೆ ಅಷ್ಟು ಸಿಟ್ಟು ಬರೋಕೆ ಒಂದು ಹಿನ್ನೆಲೆ ಇದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಿತು. ಮುಂಬೈ ವ್ಯಾಪಾರಿಗಳು ದಖ್ಖಣದ ಹತ್ತಿಗೆ ಮುಗಿಬಿದ್ದರು. ಸಾವುಕಾರರ ಕೈಗೆ ದುಡ್ಡು ಬಂತು, ಅವರು ರೈತರಿಗೆ ಕೇಳಿದಷ್ಟು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗೀತು, ಹತ್ತಿ ಬೆಲೆ ಬಿತ್ತು. ಅದಾದ ಮೇಲೆ ಸರ್ಕಾರ ಕಂದಾಯ ಪರಿಷ್ಕರಣೆ ಮಾಡಿ ಕೆಲವು ಕಡೆ ಶೇಕಡಾ 50ರಿಂದ 100ರಷ್ಟು ಏರಿಸಿತು. ಆದಾಯ ಇಳಿಯೋ ಹೊತ್ತಿಗೆ ಕಂದಾಯ ಏರಿತು, ಸಾವುಕಾರ ಹೊಸ ಸಾಲಕ್ಕೆ ಕೈ ಎತ್ತಿದ, ಹಳೇ ಸಾಲಕ್ಕೆ ಬಾಗಿಲಿಗೆ ಬಂದ.

ಇಷ್ಟೇ ಆಗಿದ್ದರೆ ಅದು ಬರಗಾಲದ ಹಾಗೆ ಒಂದು ಕಷ್ಟ. ಮಧ್ಯದಲ್ಲಿ ಕಾನೂನು ಒಂದು ಕೈಚಳಕ ತೋರಿಸಿತು, ಅದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದ್ರೆ ಫುಲೆಯವರ ಪಟ್ಟಿಯಲ್ಲಿ ಲೆಕ್ಕಪತ್ರ ಬಂದು ಕೂತಿರೋದು ಈ ಜಾಗಕ್ಕಾಗಿ.

1859ರಲ್ಲಿ ಅವಧಿ ಕಾಯ್ದೆ ಅಂತ ಒಂದು ಬಂತು. ಸಾಲಪತ್ರಕ್ಕೆ ಮೂರು ವರ್ಷ ಆಯಸ್ಸು, ಅದು ಮುಗಿದ ಮೇಲೆ ಕೋರ್ಟಿನಲ್ಲಿ ನಡೆಯೋಲ್ಲ. ಬಡ್ಡಿ ವರ್ಷಗಟ್ಟಲೆ ಬೆಳೀತಾ ಹೋಗದಿರಲಿ ಅನ್ನೋ ಒಳ್ಳೇ ಉದ್ದೇಶ. ಸಾವುಕಾರರು ಇದನ್ನೇ ತಿರುಗಿಸಿದರು. ಮೂರು ವರ್ಷ ಮುಗಿಯೋ ಮುಂಚೆ ರೈತನನ್ನ ಕರೆಸಿ ಹೊಸ ಸಾಲಪತ್ರ ಬರೆಸಿದರು. ಹಳೇ ಅಸಲು, ಅದರ ಬಡ್ಡಿ ಎರಡೂ ಸೇರಿ ಹೊಸ ಪತ್ರದಲ್ಲಿ ಅಸಲಾಗಿ ಕೂತಿತು. ಇದಕ್ಕೆ ನನ್ನದೇ ಒಂದು ಲೆಕ್ಕ ಹೇಳ್ತೀನಿ. 100 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ಮೂರು ವರ್ಷಕ್ಕೆ ಬಡ್ಡಿ 72, ಒಟ್ಟು 172. ಈಗ ಹೊಸ ಪತ್ರದ ಅಸಲು 172. ಇನ್ನು ಮೂರು ವರ್ಷಕ್ಕೆ ಅದು ಸುಮಾರು 296. ಒಂಬತ್ತನೇ ವರ್ಷಕ್ಕೆ 509. ಹನ್ನೆರಡನೇ ವರ್ಷಕ್ಕೆ 875. ರೈತ ಮಧ್ಯದಲ್ಲಿ ಹೊಸದಾಗಿ ಒಂದು ಪೈಸೆಯೂ ತಗೊಂಡಿಲ್ಲ. ಸರಳ ಬಡ್ಡಿಯಲ್ಲೇ ಹೋಗಿದ್ದರೆ ಹನ್ನೆರಡು ವರ್ಷಕ್ಕೆ ಆಗ್ತಿದ್ದದ್ದು 388. ಹಳೇ ಕಾಲದ ದಾಮದುಪ್ಪಟ್ಟಿನ ಕಟ್ಟಳೆ ಪ್ರಕಾರವಾದರೆ ಬಡ್ಡಿ ಅಸಲನ್ನ ಮೀರೋ ಹಾಗೇ ಇಲ್ಲ, 200ಕ್ಕೆ ನಿಲ್ಲಬೇಕಿತ್ತು. ಇದು ಊಹೆಯ ಉದಾಹರಣೆ ಅಂತ ಬಿಟ್ಟುಬಿಡಬೇಡಿ. ದಂಗೆಯ ವಿಚಾರಣೆಗೆ ಕೂತ ಸರ್ಕಾರಿ ಆಯೋಗದ ಮುಂದೆ ಬಂದ ಪ್ರಕರಣಗಳಲ್ಲಿ 100 ರೂಪಾಯಿ ಸಾಲಕ್ಕೆ 2000ಕ್ಕೂ ಮೇಲೆ ಬಡ್ಡಿ ಹಾಕಿದ್ದೂ ಒಂದಿತ್ತು.

ರೈತ ಈ ಪತ್ರಕ್ಕೆ ಒಪ್ಪಿಗೆ ಹೇಗೆ ಕೊಡ್ತಿದ್ದ? ಮರಾಠಿ ದಸ್ತಾವೇಜುಗಳಲ್ಲಿ ‘ನಿಶಾಣಿ ನಾಂಗರ’ ಅಂತ ಬರುತ್ತೆ, ನೇಗಿಲ ಗುರುತು ಅಂತ ಅರ್ಥ. ಸಹಿ ಬಾರದವನು ಹಾಕೋ ಚಿಹ್ನೆ. ಪತ್ರ ಬರೆದವನು ಒಬ್ಬ, ಓದಿ ಹೇಳಿದವನು ಅವನ ಕಡೆಯವನು, ಸಾಕ್ಷಿ ಹಾಕಿದವನೂ ಆ ಕಡೆಯವನೇ. ರೈತನದು ಅಂತ ಆ ಹಾಳೆಯಲ್ಲಿ ಇದ್ದದ್ದು ಒಂದು ಪುಟ್ಟ ನೇಗಿಲು. ಕೋರ್ಟಿಗೆ ಹೋದರೆ ನ್ಯಾಯಾಧೀಶರು ಕೇಳ್ತಿದ್ದದ್ದು ಒಂದೇ ಪ್ರಶ್ನೆ, ಈ ಗುರುತು ನಿನ್ನದು ಹೌದೋ ಅಲ್ಲವೋ. ಹೌದು ಅಂದರೆ ಮುಗೀತು. ಎಷ್ಟೋ ಸಲ ರೈತ ಕೋರ್ಟಿಗೆ ಹೋಗ್ತಲೇ ಇರಲಿಲ್ಲ, ಅವನು ಗೈರುಹಾಜರಾಗಿದ್ದಾಗಲೇ ಡಿಕ್ರಿ ಆಗಿಬಿಡ್ತಿತ್ತು.

ಇನ್ನು ಲಿಪಿಯ ಮಾತು. ಅಚ್ಚಿನ ಪುಸ್ತಕ ಬಾಳಬೋಧದಲ್ಲಿ, ಅಂದರೆ ಈಗಿನ ದೇವನಾಗರಿಯಲ್ಲಿ. ಖಾತೆ, ಕಿರ್ದಿ, ಸಾಲಪತ್ರ, ಕಚೇರಿ ಕಾಗದ ಎಲ್ಲ ಮೋಡಿಯಲ್ಲಿ. ಕೈ ಎತ್ತದೆ ಬರೆಯೋ ಸುತ್ತು ಸುತ್ತಿನ ಅಕ್ಷರ ಅದು. ಅಚ್ಚಿನ ಪುಸ್ತಕವನ್ನ ಸರಾಗವಾಗಿ ಓದೋ ಹುಡುಗನಿಗೂ ಅಪ್ಪನ ಸಾಲಪತ್ರ ಕೊಟ್ಟರೆ ಒಂದಕ್ಷರ ತಿಳೀತಿರಲಿಲ್ಲ. ಫುಲೆ ಎರಡೂ ಲಿಪಿ ಬೇಕು ಅಂದದ್ದು ಸುಮ್ಮನೆ ಅಲ್ಲ. ಶಾಲೆಯ ಅಕ್ಷರ ಒಂದು, ಸಾಲದ ಅಕ್ಷರ ಇನ್ನೊಂದು ಆಗಿದ್ದರೆ ಶಾಲೆಗೆ ಹೋಗಿ ಬಂದದ್ದು ಸಾವುಕಾರನ ಕಟ್ಟೆಯ ಮೇಲೆ ಉಪಯೋಗಕ್ಕೆ ಬರೋಲ್ಲ. (ಕನ್ನಡದಲ್ಲೂ ಕಡತಗಳಿಗೆ ಮೋಡಿ ಬರಹ ಇತ್ತು. ನಮ್ಮಲ್ಲಿ ಮೋಡಿ ಅಂದರೆ ಮಾಟ ಅಂತಲೂ ಅರ್ಥ. ನೇಗಿಲ ಗುರುತು ಹಾಕೋನ ಪಾಲಿಗೆ ಎರಡೂ ಒಂದೇ ಆಗಿದ್ದಿರಬೇಕು.)

ಫುಲೆಗೆ ಇದೆಲ್ಲ ತಿಳಿದದ್ದು ವರದಿ ಓದಿ ಅಲ್ಲ. ಮಾಳಿ ಜಾತಿ, ಹೂವು ತರಕಾರಿ ಮಾರೋ ಮನೆತನ. ಚಿಕ್ಕಂದಿನಲ್ಲಿ ಅವರಿವರ ಮಾತು ಕೇಳಿ ಅಪ್ಪ ಗೋವಿಂದರಾವ್ ಮಗನನ್ನ ಶಾಲೆ ಬಿಡಿಸಿದ್ದರು. ನೆರೆಯ ಗಫಾರ್ ಬೇಗ್ ಮುನ್ಷಿ ಮತ್ತು ಲಿಜಿಟ್ ಸಾಹೇಬರು ಹೇಳಿ ಒಪ್ಪಿಸಿದ ಮೇಲೆ 1841ರಲ್ಲಿ ಸ್ಕಾಟಿಷ್ ಮಿಷನ್ ಶಾಲೆಗೆ ಮತ್ತೆ ಸೇರಿದ್ದು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದರು. ಜೊತೆಗೆ ಸಾವಿತ್ರಿಬಾಯಿ. ಈ ಕಥೆ ನಿಮಗೆಲ್ಲ ಗೊತ್ತು, ಅವರ ಮೇಲೆ ಸಗಣಿ ಎರಚಿದ್ದೂ ಗೊತ್ತು, ಅದನ್ನ ಮತ್ತೆ ಹೇಳೋಲ್ಲ. ಅಷ್ಟಾಗಿ ಹೇಳದೆ ಉಳಿದಿರೋದು ಫುಲೆಯವರ ಇನ್ನೊಂದು ಮುಖ. ಅವರು ಗುತ್ತಿಗೆದಾರರು. ಖಡಕವಾಸಲಾ ಅಣೆಕಟ್ಟಿನ ಕೆಲಸಕ್ಕೆ ಸಾಮಗ್ರಿ ಒದಗಿಸಿದವರು. ಕೂಲಿ ಲೆಕ್ಕ, ಹಾಜರಿ ಪಟ್ಟಿ, ಬಿಲ್ಲು ಇವೆಲ್ಲ ಅವರ ದಿನದ ಕೆಲಸ. ಸರ್ಕಾರಿ ಇಂಜಿನಿಯರಿಂಗ್ ಖಾತೆಯ ಗುಮಾಸ್ತರ ಕೈಚಳಕದ ಮೇಲೆ ಅವರು ಪದವನ್ನೇ ಕಟ್ಟಿದ್ದಾರೆ. ಬರೆಯೋ ಕೈ ಮತ್ತು ದುಡಿಯೋ ಕೈ ಬೇರೆ ಬೇರೆ ಆದರೆ ನಡುವೆ ದುಡ್ಡು ಎಲ್ಲಿ ಸೋರುತ್ತೆ ಅಂತ ಅವರಷ್ಟು ಹತ್ತಿರದಿಂದ ನೋಡಿದ ಮೇಷ್ಟ್ರು ಆ ಕಾಲದಲ್ಲಿ ಕಡಿಮೆ.

1855ರಲ್ಲಿ ಅವರು ದುಡಿಯೋ ಜನಕ್ಕೆ ರಾತ್ರಿ ಶಾಲೆ ತೆರೆದರು. ಅದೇ ವರ್ಷ ‘ತೃತೀಯ ರತ್ನ’ ಅನ್ನೋ ನಾಟಕ ಬರೆದರು. ಗ್ರಹಗತಿಯ ಹೆದರಿಕೆ ಹುಟ್ಟಿಸಿ ಬಡ ಕುಣಬಿ ಗಂಡ ಹೆಂಡತಿಯ ಕೈಯಿಂದ ಜೋಯಿಸನೊಬ್ಬ ದುಡ್ಡು ಖರ್ಚು ಮಾಡಿಸೋ ಕಥೆ. ಬಹುಮಾನಕ್ಕೆ ಅಂತ ದಕ್ಷಿಣಾ ಸಮಿತಿಗೆ ಕಳಿಸಿದರು, ಸಮಿತಿ ತಳ್ಳಿಹಾಕಿತು. ನಾಟಕದ ಕೊನೆಯಲ್ಲಿ ಆ ದಂಪತಿ ಏನು ಮಾಡ್ತಾರೆ ಗೊತ್ತಾ? ಜೋಯಿಸನನ್ನ ಹೊಡೆಯೋಕೆ ಹೋಗೋಲ್ಲ, ಕೋರ್ಟಿಗೂ ಹೋಗೋಲ್ಲ. ಇಬ್ಬರೂ ಫುಲೆ ದಂಪತಿಯ ರಾತ್ರಿ ಶಾಲೆಗೆ ಸೇರೋ ನಿರ್ಧಾರ ಮಾಡ್ತಾರೆ. ಮೇಷ್ಟ್ರು ತಮ್ಮ ನಾಟಕದಲ್ಲಿ ತಮ್ಮದೇ ಶಾಲೆಗೆ ಪ್ರಚಾರ ಕೊಟ್ಟುಕೊಂಡರು ಅಂತ ನಗಬಹುದು. ಆದರೆ ಅವರ ತಲೆಯಲ್ಲಿ ಶಾಲೆ ಯಾಕಿದೆ ಅನ್ನೋದು ಇಪ್ಪತ್ತು ವರ್ಷ ಮೊದಲೇ ಸ್ಪಷ್ಟವಾಗಿತ್ತು. ಕೈಯಲ್ಲಿರೋ ಕಾಸು ಯಾರ ಮಾತು ಕೇಳಿ ಎಲ್ಲಿಗೆ ಹೋಗ್ತಿದೆ ಅಂತ ತಿಳಿಯೋಕೆ.

ಹಾಗಂತ ಬಡ್ಡಿ ಲೆಕ್ಕ ನಮ್ಮ ಪಾಠಗಳಿಗೆ ಹೊಸದೇನಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲಕ್ಕೆ, ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿ ಲೆಕ್ಕಗಳು ಸಾಲುಸಾಲಾಗಿವೆ. ಅಸಲು ಬಡ್ಡಿ ಸೇರಿದ ಮೊತ್ತ ಕೊಟ್ಟು ಎರಡನ್ನೂ ಬೇರೆ ಮಾಡು ಅನ್ನೋ ಥರದವು. ಅಡುಗೆಯಿಂದ ವೈದ್ಯದವರೆಗೆ ಗಣಿತ ಬೇಡದ ಜಾಗವೇ ಇಲ್ಲ ಅಂತ ಪುಸ್ತಕದ ಶುರುವಿನಲ್ಲೇ ಅವರು ಹೇಳ್ತಾರೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಪುಣೆ ಕಡೆಯ ಪಂತೋಜಿಗಳ ಶಾಲೆಯಲ್ಲೂ, ನಮ್ಮ ಗಾಂವಟಿ ಶಾಲೆಗಳಲ್ಲೂ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನ ಬಾಯಿಪಾಠ ಮಾಡಿಸ್ತಿದ್ದರು. ವಿದ್ಯೆ ಇತ್ತು. ಯಾರ ಮನೆಯಲ್ಲಿತ್ತು ಅನ್ನೋದೇ ಪ್ರಶ್ನೆ. ಶಾನುಭೋಗರ, ಕುಲಕರ್ಣಿಗಳ, ವ್ಯಾಪಾರಿಗಳ ಮನೆಯಲ್ಲಿತ್ತು. ಸಾಲ ಕೊಡೋನಿಗೆ ಗೊತ್ತಿದ್ದ ಲೆಕ್ಕವನ್ನ ಸಾಲ ತಗೊಳ್ಳೋನಿಗೂ ಹೇಳಿಕೊಡಬೇಕು ಅಂದದ್ದು ಫುಲೆಯವರ ಹೊಸತನ.

ದಂಗೆಗೆ ವಾಪಸು ಬರೋಣ. ಸುಮಾರು ಸಾವಿರ ಜನರನ್ನ ಹಿಡಿದರು, ಅರ್ಧದಷ್ಟು ಜನಕ್ಕೆ ಶಿಕ್ಷೆ ಆಯಿತು. ಆಯೋಗ ಕೂತು ವರದಿ ಬರೆಯಿತು. ಕಂದಾಯದ ಭಾರವನ್ನ ಹಗುರ ಮಾಡಿ ತೋರಿಸಿ, ತಪ್ಪನ್ನ ಹೆಚ್ಚಾಗಿ ಸಾವುಕಾರರ ಮೇಲೆ ಹೊರಿಸಿತು. ಸರ್ಕಾರ ತನ್ನ ವಿಚಾರಣೆ ತಾನೇ ಮಾಡಿಕೊಂಡರೆ ಇನ್ನೇನಾಗುತ್ತೆ! ಆದರೂ 1879ರಲ್ಲಿ ಬಂದ ದಖ್ಖಣ ರೈತರ ಪರಿಹಾರ ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿದ್ದವು. ಸಾಲಕ್ಕಾಗಿ ರೈತನನ್ನ ಜೈಲಿಗೆ ಹಾಕೋ ಹಾಗಿಲ್ಲ. ಸಾಲಪತ್ರವನ್ನ ಹಳ್ಳಿಯ ನೋಂದಣಿ ಅಧಿಕಾರಿಯ ಎದುರಿಗೇ ಬರೆಸಬೇಕು. ಕೋರ್ಟು ಪತ್ರದ ಹಿಂದಿನ ವ್ಯವಹಾರವನ್ನ ಮೊದಲಿಂದ ಕೆದಕಿ ನೋಡಬಹುದು. ಕಟ್ಟಿದ ದುಡ್ಡಿಗೆ ಸಾವುಕಾರ ರಸೀದಿ ಕೊಡಬೇಕು, ಕೇಳಿದರೆ ಲೆಕ್ಕದ ಪಟ್ಟಿ ಕೊಡಬೇಕು, ಪಾಸುಬುಕ್ಕಿನಲ್ಲಿ ಬರೆದುಕೊಡಬೇಕು.

ಪಾಸುಬುಕ್ಕು! ರೈತನ ಕೈಗೆ ಕಾನೂನು ಒಂದು ಪುಸ್ತಕ ಕೊಟ್ಟಿತು, ಓದೋಕೆ ಬರೋಲ್ಲ ಅನ್ನೋದನ್ನ ಹಾಗೇ ಬಿಟ್ಟಿತು. ಈ ಕಾಯ್ದೆ ಬಂದ ಮೂರು ವರ್ಷಕ್ಕೆ ಹಂಟರ್ ಆಯೋಗಕ್ಕೆ ಫುಲೆಯವರ ಹೇಳಿಕೆ ಹೋಗಿದ್ದು. ಇದೇ ಕಾರಣಕ್ಕೆ ಲೆಕ್ಕಪತ್ರ ಕೇಳ್ತಿದೀನಿ ಅಂತ ಅವರು ಆ ಪಟ್ಟಿಯ ಪಕ್ಕ ಬರೆದಿಲ್ಲ, ಆ ಗಂಟು ಹಾಕ್ತಿರೋದು ನಾನು. ಆದರೆ ಅದೇ ಹೇಳಿಕೆಯ ಇನ್ನೆರಡು ಜಾಗ ಓದಿದರೆ ಗಂಟು ತಾನಾಗೇ ಬೀಳುತ್ತೆ. ಒಂದು ಕಡೆ, ರೈತರ ಬಡತನ ಮತ್ತು ಓದುಬಲ್ಲವರ ಮೇಲೆ ಅವರು ಪೂರ್ತಿ ಆತುಕೊಂಡಿರೋದು, ಇವೆರಡಕ್ಕೂ ಬಹುಮಟ್ಟಿಗೆ ಕಾರಣ ಈ ಶಿಕ್ಷಣದ ಗತಿಯೇ ಅಂತಾರೆ. ಇನ್ನೊಂದು ಕಡೆ ಹಳ್ಳಿ ಮೇಷ್ಟ್ರು ಹೇಗಿರಬೇಕು ಅಂತ ಹೇಳ್ತಾರೆ. ಒಕ್ಕಲು ಮನೆಗಳಿಂದಲೇ ಬಂದಿರಬೇಕು. ನೇಗಿಲ ಮೇಣಿ ಹಿಡಿಯೋಕೆ, ಬಡಗಿಯ ಬಾಚಿ ಹಿಡಿಯೋಕೆ ನಾಚಿಕೆ ಪಡಬಾರದು. ಸಂಬಳ ತಿಂಗಳಿಗೆ 12 ರೂಪಾಯಿಗೆ ಕಡಿಮೆ ಇರಬಾರದು. ಜೊತೆಗೆ ಊರಿನ ಲೆಕ್ಕ ತಪಾಸಣೆ, ಪತ್ರಗಳ ನೋಂದಣಿ, ಅಂಚೆ, ಛಾಪಾ ಕಾಗದ ಮಾರೋದು ಇಂಥ ಕೆಲಸಗಳನ್ನೂ ಅವರಿಗೆ ವಹಿಸಿದರೆ ಜನಕ್ಕೂ ಅನುಕೂಲ ಅಂತ ಸಲಹೆ ಕೊಡ್ತಾರೆ.

ಇದನ್ನ ಒಂದು ಸಲ ಕಣ್ಣಮುಂದೆ ತಂದುಕೊಳ್ಳಿ. ಬೆಳಗ್ಗೆ ಮಕ್ಕಳಿಗೆ ಮೋಡಿ ಬರಹ, ಬಡ್ಡಿ ಲೆಕ್ಕ ಹೇಳಿಕೊಡೋ ಮನುಷ್ಯನ ಮುಂದೆಯೇ ಸಂಜೆ ಆ ಮಕ್ಕಳ ಅಪ್ಪ ಸಾಲಪತ್ರ ನೋಂದಣಿ ಮಾಡಿಸೋಕೆ ಬರ್ತಾನೆ. ಛಾಪಾ ಕಾಗದವೂ ಅಲ್ಲೇ ಸಿಗುತ್ತೆ. ಪತ್ರದಲ್ಲಿ ಹಳೇ ಬಡ್ಡಿ ಹೊಸ ಅಸಲಾಗಿ ನುಸುಳಿದರೆ ಹಿಡಿಯೋಕೆ ಊರಿನಲ್ಲಿ ಒಬ್ಬನಾದರೂ ಇರ್ತಾನೆ. ಈಗಿನ ಮೇಷ್ಟ್ರುಗಳು ಇದನ್ನ ಓದಿ ನಿಟ್ಟುಸಿರು ಬಿಡ್ತಾರೆ ಅಂತ ಗೊತ್ತು. ಜನಗಣತಿ, ಚುನಾವಣೆ, ಬಿಸಿಯೂಟ ಸಾಲದು ಅಂತ ಇದೂ ಒಂದಾ ಅಂತ. ಹೋಲಿಕೆ ಪೂರ್ತಿ ಸರಿಯಲ್ಲ. ಫುಲೆ ಕೇಳಿದ್ದ ಹೆಚ್ಚುವರಿ ಕೆಲಸಗಳು ಪಾಠಕ್ಕೆ ಅಂಟಿಕೊಂಡೇ ಇದ್ದವು.

ಹೇಳಿಕೆಯಲ್ಲಿ ಇನ್ನೊಂದು ಲೆಕ್ಕವೂ ಇದೆ, ಅದು ಸರ್ಕಾರದ ಮೇಲಿನದು. ಶಾಲೆಗಳಿಗೆ ಹೋಗೋ ಹಣ ರೈತನ ಬೆವರಿನದು, ಖರ್ಚಾಗ್ತಿರೋದು ಮೇಲಿನವರ ಕಾಲೇಜು ಓದಿಗೆ. ಈ ಪ್ರಾಂತ್ಯದ ಹಳ್ಳಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಶಾಲೆಯೇ ಇಲ್ಲ, ಸುಮಾರು 10 ಲಕ್ಷ ಮಕ್ಕಳಿಗೆ ಓದಿನ ಗತಿಯಿಲ್ಲ ಅಂತಾರೆ. ನನಗೆ ಇದು ಮುಖ್ಯ ಅನಿಸುತ್ತೆ. ರೈತನಿಗೆ ಲೆಕ್ಕ ಬಾರದ್ದರಿಂದ ಅವನು ಬಡವನಾದ ಅಂತ ಹೇಳಿ ಕೈ ತೊಳೆದುಕೊಳ್ಳೋದು ಸುಲಭ. ದಖ್ಖಣದ ಆಯೋಗ ಹೆಚ್ಚು ಕಡಿಮೆ ಅದನ್ನೇ ಮಾಡಿತು. ಫುಲೆ ಹಾಗೆ ಮಾಡಲಿಲ್ಲ. ಮರುವರ್ಷ ಬರೆದ ‘ಶೇತಕರ್ಯಾಚಾ ಆಸೂಡ’ದಲ್ಲಿ, ಅಂದರೆ ರೈತನ ಚಾವಟಿಯಲ್ಲಿ, ಕಂದಾಯ, ಅರಣ್ಯ ಕಾಯ್ದೆ, ಕಚೇರಿಯ ಲಂಚ, ಹುಟ್ಟಿನಿಂದ ಸಾವಿನವರೆಗೆ ಒಂದಲ್ಲ ಒಂದು ವಿಧಿಯ ಹೆಸರಲ್ಲಿ ಸುಲಿಯೋ ದಕ್ಷಿಣೆ, ಯಾವುದನ್ನೂ ಬಿಡಲಿಲ್ಲ. ಲೆಕ್ಕ ಬಂದರೆ ಇದೆಲ್ಲ ಮಾಯ ಆಗುತ್ತೆ ಅಂತ ಅವರು ನಂಬಿದ್ದಕ್ಕೆ ಎಲ್ಲೂ ಗುರುತಿಲ್ಲ. ಯಾರು ಎಷ್ಟು ಕಿತ್ತುಕೊಂಡರು ಅಂತ ಕೇಳೋಕೆ ಬಾಯಿ ಬರುತ್ತೆ, ಅಷ್ಟು.

ಸಾವಿತ್ರಿಬಾಯಿಯವರದು ಬೇರೆ ದಾಟಿ. 1892ರಲ್ಲಿ ಅವರ ಹೆಸರಿನಲ್ಲಿ ಪ್ರಕಟವಾದ ಭಾಷಣಗಳ ಸಂಕಲನದಲ್ಲಿ ಉದ್ಯೋಗ, ವಿದ್ಯಾದಾನ, ವ್ಯಸನ ಇವುಗಳ ಜೊತೆ ‘ಕರ್ಜ’ ಅಂತಲೂ ಒಂದಿದೆ. ಕರ್ಜ ಅಂದರೆ ಸಾಲ. ಅಲ್ಲಿ ಅವರು ಸಾವುಕಾರನಿಗಿಂತ ಹೆಚ್ಚಾಗಿ ಬೈಯೋದು ಸಾಲ ಮಾಡಿ ಹಬ್ಬ ಮಾಡೋ ತಮ್ಮವರನ್ನೇ. ಈಗಿನ ಕಣ್ಣಿಗೆ ಇದು ಬಡವರ ಮೇಲೇ ತಪ್ಪು ಹೊರಿಸಿದ ಹಾಗೆ ಕಾಣಬಹುದು. ನನಗೆ ಹಾಗೆ ಅನಿಸೋಲ್ಲ. ಆಯೋಗದ ಕುರ್ಚಿಯಲ್ಲಿ ಕೂತು ರೈತ ದುಂದುಗಾರ ಅನ್ನೋದು ಒಂದು, ತನ್ನ ಓಣಿಯ ಹೆಂಗಸರ ಮಧ್ಯೆ ನಿಂತು ‘ಈ ಸಲ ಸಾಲ ಮಾಡಿ ಹಬ್ಬ ಬೇಡ ಕಣ್ರೇ’ ಅನ್ನೋದು ಇನ್ನೊಂದು. ನಮ್ಮ ಮನೆಗಳಲ್ಲಿ ಅಜ್ಜಿಯರು ಈ ಮಾತನ್ನ ಇದಕ್ಕಿಂತ ಖಾರವಾಗೇ ಆಡ್ತಿದ್ದರು. ಗಂಡ ಸರ್ಕಾರಕ್ಕೆ ಬರೆದರೆ ಹೆಂಡತಿ ನೆರೆಹೊರೆಗೆ ಹೇಳಿದರು.

ಇದೇ ಹೊತ್ತಿಗೆ ಯುರೋಪಿನಲ್ಲೂ ದುಡ್ಡಿನ ಪಾಠ ಶಾಲೆಗೆ ಬರ್ತಾ ಇತ್ತು, ಬೇರೆ ಬಾಗಿಲಿಂದ. 1866ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಫ್ರಾಂಸ್ವಾ ಲೋರಾನ್ ಅನ್ನೋ ಕಾನೂನು ಪ್ರಾಧ್ಯಾಪಕರು ಶಾಲೆಯಿಂದ ಶಾಲೆಗೆ ಹೋಗಿ, ಗಿರಣಿ ಕಾರ್ಮಿಕರ ಮಕ್ಕಳಿಗೆ ಉಳಿತಾಯದ ಬಗ್ಗೆ ಹೇಳಿ, ಚಿಲ್ಲರೆ ಕಾಸನ್ನ ಮೇಷ್ಟ್ರ ಕೈಲಿ ಕೊಟ್ಟು ಉಳಿತಾಯ ಖಾತೆಗೆ ಹಾಕಿಸೋ ಪದ್ಧತಿ ಶುರು ಮಾಡಿದರು. ಅದು ಫ್ರಾನ್ಸಿಗೆ ಹೋಯಿತು, ಅಮೆರಿಕಕ್ಕೂ ಹೋಯಿತು. ನಮ್ಮ ಶಾಲೆಗಳಲ್ಲಿ ‘ಸಂಚಯಿಕಾ’ ಅಂತ ಒಂದು ಯೋಜನೆ ಇತ್ತಲ್ಲ, ಹುಡುಗರೇ ನಡೆಸೋ ಉಳಿತಾಯ ಬ್ಯಾಂಕು, ಅದೂ ಅದೇ ಕುಲದ್ದು. ಲೋರಾನ್ ಸಜ್ಜನರು. ಅವರ ಕೆಲಸಕ್ಕೆ ಬಂದ 10,000 ಫ್ರಾಂಕ್ ಬಹುಮಾನವನ್ನ ಕಾರ್ಮಿಕರ ಸಂಘಗಳಿಗೇ ಕೊಟ್ಟುಬಿಟ್ಟವರು. ಆದರೆ ಅವರ ಪಾಠದಲ್ಲಿ ಮಗುವಿಗೆ ಹೇಳೋದು ‘ನಿನ್ನ ಕಾಸು ಜೋಪಾನ’ ಅಂತ. ಪುಣೆಯ ಪಾಠದಲ್ಲಿ ಹೇಳೋದು ‘ಅವನು ಬರೆದ ಲೆಕ್ಕ ಓದು’ ಅಂತ. ಈಗ ಆರ್ಥಿಕ ಸಾಕ್ಷರತೆ ಅಂತ ಶಾಲೆಗೆ ಬರೋ ಭಿತ್ತಿಪತ್ರಗಳಲ್ಲಿ ಮಣ್ಣಿನ ಹುಂಡಿ, ಹಂದಿಮರಿ ಗಲ್ಲೆಪೆಟ್ಟಿಗೆ ಕಾಣುತ್ತೆ. ಸಾಲಪತ್ರದ ಚಿತ್ರ ಇರೋ ಒಂದನ್ನೂ ನಾನು ನೋಡಿಲ್ಲ. ಅಂದರೆ ನಮಗೆ ಬಂದು ತಲುಪಿದ್ದು ಗೆಂಟ್‌ನ ಪಾಠ.

ಹಂಟರ್ ಆಯೋಗ ಫುಲೆಯವರ ಕಡ್ಡಾಯ ಶಿಕ್ಷಣದ ಬೇಡಿಕೆಯನ್ನ ಬಿಟ್ಟುಬಿಟ್ಟಿತು. ಆದರೆ ಪ್ರಾಥಮಿಕ ಶಾಲೆಯಲ್ಲಿ ದೇಶೀ ಪದ್ಧತಿಯ ಲೆಕ್ಕ, ಖಾತೆ ಬರಹ, ಅಳತೆ ಇಂಥ ಉಪಯೋಗಕ್ಕೆ ಬರೋ ವಿಷಯಗಳನ್ನ ಹೆಚ್ಚು ಸೇರಿಸಬೇಕು ಅಂತ ಶಿಫಾರಸು ಮಾಡಿತು. ಇದಕ್ಕೆ ಫುಲೆಯೊಬ್ಬರೇ ಕಾರಣ ಅನ್ನೋಕಾಗೋಲ್ಲ, ಆಯೋಗದ ಮುಂದೆ ನೂರಾರು ಜನ ಬಂದಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಆಗ ಅದೇ ಮುಂಬೈ ಪ್ರಾಂತ್ಯ, ಅದೇ ಶಿಕ್ಷಣ ಖಾತೆ. ಸಾವುಕಾರರ ಕಾಟವೂ ಅಷ್ಟೇ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಎದುರಿಗೆ ಇದ್ದದ್ದು ಇದೇ ಸಾಲದ ಸಮಸ್ಯೆ. ಸಂಘ ನಡೆಯೋಕೆ ಖಾತೆ ಬರೆಯೋರು ಬೇಕು, ಬರೆದದ್ದನ್ನ ಸಭೆಯಲ್ಲಿ ಕೂತು ಪ್ರಶ್ನೆ ಕೇಳೋ ಸದಸ್ಯರೂ ಬೇಕು. ಅದರ ಕಥೆ ಇನ್ನೊಮ್ಮೆ.

ಸಾವಿತ್ರಿಬಾಯಿ 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡ್ತಾ ತೀರಿಕೊಂಡರು. ಜೋತಿರಾವ್ ಅದಕ್ಕೆ ಏಳು ವರ್ಷ ಮೊದಲೇ ಹೋಗಿದ್ದರು. ಮೋಡಿ ಲಿಪಿ ಈಗ ಸಂಶೋಧಕರ ಪಾಲು.

ನೇಗಿಲ ಗುರುತು ಮಾತ್ರ ಹೋಗಿಲ್ಲ, ರೂಪ ಬದಲಿಸಿದೆ. ಈಗದು ಬೆರಳಚ್ಚಿನ ಯಂತ್ರ, ಮೊಬೈಲಿಗೆ ಬರೋ ಓಟಿಪಿ, ‘ಒಪ್ಪಿದ್ದೇನೆ’ ಅನ್ನೋ ಚೌಕ. ಕಿರುಸಾಲದ ವಸೂಲಿ ಕಿರುಕುಳ ತಡೆಯೋಕೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅದಕ್ಕೆ ಮೂರು ವರ್ಷ ಮೊದಲು, 2022ರಲ್ಲಿ, ಕಿರುಸಾಲ ತಗೊಂಡೋರಿಗೆ ಅವರಿಗೆ ಗೊತ್ತಿರೋ ಭಾಷೆಯಲ್ಲೇ ಸಾಲದ ಕಾರ್ಡ್ ಕೊಡಬೇಕು, ಬಡ್ಡಿ ದರ ಮತ್ತು ಕಟ್ಟಿದ ಕಂತು ಅದರಲ್ಲಿ ನಮೂದಾಗಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 1879ರ ಪಾಸುಬುಕ್ಕಿನ ಮೊಮ್ಮಗ. ಆ ಕಾರ್ಡಿನಲ್ಲಿ ದರ ವರ್ಷದ ಲೆಕ್ಕದಲ್ಲಿ ಇರುತ್ತೆ. ನಮ್ಮ ಊರುಗಳಲ್ಲಿ ಬಡ್ಡಿ ಮಾತಾಡೋದು ತಿಂಗಳಿಗೆ, ‘ಮೂರು ರೂಪಾಯಿ ಬಡ್ಡಿ’ ಅಂತ. ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇಕಡಾ 36. ಸರಳ ಬಡ್ಡಿ ಪಾಠದಲ್ಲಿ ಅಸಲು, ಕಾಲ, ದರ ಗುಣಿಸಿ ನೂರರಿಂದ ಭಾಗಿಸಿ ಪೂರ್ತಿ ಅಂಕ ತಗೊಂಡ ಹುಡುಗಿಗೂ, ಅಮ್ಮ ಸಂಜೆ ಮಾತಾಡಿದ ಮೂರು ರೂಪಾಯಿ ಮತ್ತು ಪುಸ್ತಕದ ಶೇಕಡಾ 36 ಎರಡೂ ಒಂದೇ ಅಂತ ಹೊಳೆದಿರೋಲ್ಲ.

ಮೇಷ್ಟ್ರಾಗಿರೋ ಓದುಗರು ಈ ಒಂದು ಲೆಕ್ಕವನ್ನ ಎಂಟನೇ ತರಗತಿಯ ಕರಿಹಲಗೆ ಮೇಲೆ ಬರೆದು ನೋಡಿ. 10,000 ರೂಪಾಯಿ ಸಾಲ. ವಾರಕ್ಕೆ 225ರಂತೆ 50 ವಾರದ ಕಂತು. ಒಟ್ಟು ಕಟ್ಟೋದು 11,250. ಬಡ್ಡಿ ಎಷ್ಟು? 1,250, ಅಂದರೆ ಹನ್ನೆರಡೂವರೆ ಪರ್ಸೆಂಟ್ ಅಂತ ಮಕ್ಕಳು ತಕ್ಷಣ ಹೇಳ್ತಾರೆ. ಆಮೇಲೆ ಕೇಳಿ: ಇಪ್ಪತ್ತೈದನೇ ವಾರಕ್ಕೆ ಅರ್ಧ ಅಸಲು ವಾಪಸು ಹೋಗಿಯಾಯಿತಲ್ಲ, 10,000 ರೂಪಾಯಿ ಪೂರ್ತಿ ಅವರ ಕೈಯಲ್ಲಿ ಇದ್ದದ್ದು ಎಷ್ಟು ವಾರ? ಒಂದೇ ವಾರ. ಸರಾಸರಿ ಕೈಯಲ್ಲಿದ್ದದ್ದು ಐದು ಸಾವಿರದ ಚಿಲ್ಲರೆ. ಆ ಐದು ಸಾವಿರದ ಚಿಲ್ಲರೆಗೆ 1,250 ಬಡ್ಡಿ. ದರ ಎಷ್ಟಾಯಿತು? ಸುಮಾರು 25. ಈ ಉತ್ತರ ಬರೋಕೆ ಒಂದು ಪೀರಿಯಡ್ ಪೂರ್ತಿ ಬೇಕಾಗುತ್ತೆ, ಮಧ್ಯದಲ್ಲಿ ಬೆಲ್ ಆದರೆ ಮಾರನೇ ದಿನಕ್ಕೂ ಇಟ್ಟುಕೊಳ್ಳಿ.